‘ಲಿನಕ್ಸ್ ಹಾಕಿದ್ರ ನೆಟ್ ಬರಂಗಿಲ್ರಿ’ ಎಂಬ ಸುಳ್ಳು

ಪಾಲಬಾವಿಯಲ್ಲಿ ಹೆಣ್ಣುಮಕ್ಕಳ ಒಂದು ಸ್ವಸಹಾಯ ಸಂಘದ ಮೂರು ವರ್ಷದ ಲೆಕ್ಕ ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋಯಿತು. ಕಳ್ಳತನ ಆಗಿರಲಿಲ್ಲ, ಸಿಡಿಲೂ ಬಡಿದಿರಲಿಲ್ಲ. ಕಂಪ್ಯೂಟರಿಗೆ ವೈಫೈ ಬರಲಿಲ್ಲ, ಅಷ್ಟೇ. ರಿಪೇರಿಗೆ ಒಯ್ದಾಗ ಅಂಗಡಿಯವರು ಹಾರ್ಡ್ ಡಿಸ್ಕ್ ಪೂರ್ತಿ ಒರೆಸಿ ವಿಂಡೋಸ್ ಹಾಕಿಕೊಟ್ಟರು. ಯಾಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರ: “ಲಿನಕ್ಸ್ ಹಾಕಿದ್ರ ನೆಟ್ ಬರಂಗಿಲ್ರಿ ಅಕ್ಕಾರ.”

ಈ ಮಾತು ನಮಗೆ ಹೊಸದಲ್ಲ. ರಾಯಬಾಗ, ಚಿಕ್ಕೋಡಿ, ಅಥಣಿ ಕಡೆ ಯಾವ ಅಂಗಡಿಗೆ ಹೋದರೂ ಇದನ್ನೇ ಹೇಳುತ್ತಾರೆ, ಮಳೆಗಾಲದಲ್ಲಿ ಕರೆಂಟ್ ಹೋಗ್ತದ ಅನ್ನುವಷ್ಟು ಸಹಜವಾಗಿ. ಕೇಳಿದವರೂ ತಲೆ ಆಡಿಸಿ ದುಡ್ಡು ಎಣಿಸಿ ಬರುತ್ತಾರೆ. ಈ ಮಾತು ಸುಳ್ಳು. ಯಾಕೆ ಸುಳ್ಳು ಎಂದು ಹೇಳುವುದಕ್ಕೇ ಈ ಬರಹ.

ಮೊದಲೇ ಹೇಳಿಬಿಡುತ್ತೇವೆ, ನಾವು ಕಂಪ್ಯೂಟರ್ ಸೈನ್ಸ್ ಓದಿದವರಲ್ಲ. ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ಲಿನಕ್ಸ್ ನಮ್ಮ ಕೈಗೆ ಬಂದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ, ಕಿಸೆ ಖಾಲಿ ಇದ್ದದ್ದರಿಂದ. ಹಳೇ ಲ್ಯಾಪ್‌ಟಾಪು ವಿಂಡೋಸಿನ ಭಾರಕ್ಕೆ ಏದುಸಿರು ಬಿಡುತ್ತಿತ್ತು, ಲಿನಕ್ಸ್ ಮಿಂಟ್ ಹಾಕಿದೆವು, ಓಡಿತು. ಅಂದಿನಿಂದ ಸುದ್ದಿ ಬರೆಯುವುದು, ಫೋಟೋ ಕತ್ತರಿಸುವುದು ಎಲ್ಲ ಅದರಲ್ಲೇ.

ಸಂಘದ ಕಂಪ್ಯೂಟರಿನ ಕಥೆಯೂ ಹೀಗೇ ಶುರುವಾದದ್ದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಲೆಕ್ಕ ಬರೆಯುವ ಅಕ್ಕಾರ ಮನೆಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಅದಕ್ಕೆ ಎರಡೂ ಇಲ್ಲ. “ಹೊಸಾದು ತಗೋರಿ” ಅಂದರು ಎಲ್ಲರೂ. ಯಾರ ದುಡ್ಡಿನಲ್ಲಿ? ನಾವು ಹೋಗಿ, ಲೆಕ್ಕದ ಫೈಲುಗಳನ್ನೆಲ್ಲ ಉಳಿಸಿಕೊಂಡು, ಮಿಂಟ್ ಹಾಕಿಕೊಟ್ಟೆವು. ಉಗುರಿನಷ್ಟು ಚಿಕ್ಕ ಯುಎಸ್‌ಬಿ ವೈಫೈ ಡಾಂಗಲ್ ಮೊದಲೇ ಇತ್ತು. ಮಗನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೆ ನೆಟ್ ಬರುತ್ತಿತ್ತು. ತಿಂಗಳುಗಟ್ಟಲೆ ಸರಿಯಾಗಿ ನಡೆಯಿತು.

ಆಮೇಲೆ ಮಗ ಹೊಸ ಫೋನ್ ತಂದ. ಅವತ್ತಿನಿಂದ ಕಂಪ್ಯೂಟರಿನಲ್ಲಿ ಹಾಟ್‌ಸ್ಪಾಟಿನ ಹೆಸರೇ ಕಾಣಲಿಲ್ಲ. ಅಕ್ಕಾರು ನಮಗೆ ಫೋನ್ ಮಾಡಿದರು. ನಾವು ಕಬ್ಬಿನ ಬಾಕಿ ಬಿಲ್ಲಿನ ಸುದ್ದಿಯ ಬೆನ್ನು ಹತ್ತಿ ತಿರುಗುತ್ತಿದ್ದೆವು. “ಸಂಜಿಗೆ ಬರ್ತೀವ್ರಿ” ಅಂದೆವು, ಎರಡು ದಿನ ಹೋಗಲಿಲ್ಲ. ಬ್ಯಾಂಕಿಗೆ ಸೋಮವಾರದೊಳಗೆ ಸಾಲದ ಪಟ್ಟಿ ಕಳಿಸಬೇಕಿತ್ತು. ಕಾದು ಕಾದು ಅವರು ಸಿಪಿಯುವನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿಸಿ ಪೇಟೆಗೆ ಕಳಿಸಿದರು.

ಅಂಗಡಿಯವರು ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹಾಕಿ, ಆರುನೂರು ರೂಪಾಯಿ ತೆಗೆದುಕೊಂಡರು. ಮನೆಗೆ ತಂದು ನೋಡಿದರೆ ಆಗಲೂ ನೆಟ್ ಬರಲಿಲ್ಲ! ಮತ್ತೆ ಒಯ್ದರು. “ಡಾಂಗಲ್ ಸತ್ತದರಿ” ಅಂದು ಹೊಸದೊಂದು ಕೊಟ್ಟರು. ಅದು ಬಂತು. ಊರಿಗೆಲ್ಲ ಉಳಿದ ಮಾತು: ಲಿನಕ್ಸ್ ಇದ್ದಾಗ ನೆಟ್ ಬರಲಿಲ್ಲ, ವಿಂಡೋಸ್ ಹಾಕಿದ ಮೇಲೆ ಬಂತು.

ಮೂರನೇ ದಿನ ನಾವು ಹೋದೆವು. ‘ಸತ್ತ’ ಡಾಂಗಲ್ಲನ್ನು ನಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಚುಚ್ಚಿದೆವು. ಪಕ್ಕದ ಮನೆಯ ವೈಫೈ ಕಾಣಿಸಿತು. ಹೊಸ ಫೋನಿನ ಹಾಟ್‌ಸ್ಪಾಟ್ ಕಾಣಲಿಲ್ಲ. ಫೋನ್ ತೆಗೆದುಕೊಂಡು ಹಾಟ್‌ಸ್ಪಾಟಿನ ಸೆಟ್ಟಿಂಗ್ ನೋಡಿದೆವು. ಬ್ಯಾಂಡ್ ಎಂಬಲ್ಲಿ ‘5 ಗಿಗಾಹರ್ಟ್ಸ್’ ಎಂದಿತ್ತು. ಅದನ್ನು 2.4 ಮಾಡಿದೆವು. ನಿಮಿಷದೊಳಗೆ ಹೆಸರು ಬಂತು, ನೆಟ್ಟೂ ಬಂತು.

ಅಕ್ಕಾರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಹಂಗಾರ ನಮ್ಮ ಲೆಕ್ಕ ಸುಮ್ನ ಹೋತೇನ್ರಿ?”

ಹೌದು, ಸುಮ್ಮನೆ ಹೋಯಿತು. ವೈಫೈ ಮುಖ್ಯವಾಗಿ ಎರಡು ಅಲೆಗಳಲ್ಲಿ ಬರುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ‘150 ಎಂಬಿಪಿಎಸ್’ ಎಂದು ಡಬ್ಬಿಯ ಮೇಲೆ ಬರೆದಿರುವ ಅಗ್ಗದ ಚಿಕ್ಕ ಡಾಂಗಲ್‌ಗಳು 2.4ನ್ನು ಮಾತ್ರ ಹಿಡಿಯುತ್ತವೆ. ಫೋನು 5ರಲ್ಲಿ ಬಿಡುತ್ತಿದ್ದರೆ ಅವಕ್ಕೆ ಕೇಳಿಸುವುದೇ ಇಲ್ಲ, ಮೀಡಿಯಂ ವೇವ್ ರೇಡಿಯೋದಲ್ಲಿ ಎಫ್‌ಎಂ ಹುಡುಕಿದ ಹಾಗೆ. ಅಂಗಡಿಯವರು ಕೊಟ್ಟ ಹೊಸ ಡಾಂಗಲ್ ಎರಡನ್ನೂ ಹಿಡಿಯುವಂಥದ್ದು, ಅದಕ್ಕೇ ಬಂತು. ಇದರಲ್ಲಿ ಲಿನಕ್ಸಿನ ಪಾತ್ರ ಏನೂ ಇಲ್ಲ, ವಿಂಡೋಸಿನದೂ ಇಲ್ಲ. (ನಿಮ್ಮ ಫೋನಿನಲ್ಲಿ ಬ್ಯಾಂಡ್ ಎಂಬ ಮಾತು ಸಿಗದಿದ್ದರೆ ‘ಎಕ್ಸ್‌ಟೆಂಡ್ ಕಂಪ್ಯಾಟಿಬಿಲಿಟಿ’ ಎಂಬಂಥದ್ದು ಇದೆಯೇ ನೋಡಿ. ಅದನ್ನು ಆನ್ ಮಾಡಿದರೆ 2.4ಕ್ಕೆ ಬರುತ್ತದೆ.)

ಅಳಿಸಿದ್ದನ್ನು ಹುಡುಕಿ ತೆಗೆಯಲು ಫೋಟೋರೆಕ್ ಎಂಬ ಉಚಿತ ಸಾಧನ ಓಡಿಸಿದೆವು. ಒಂದಿಷ್ಟು ಮದುವೆ ಫೋಟೋ ಸಿಕ್ಕವು. ಲೆಕ್ಕ ಸಿಗಲಿಲ್ಲ. ಅದರ ಮೇಲೆ ವಿಂಡೋಸ್ ಬರೆದಾಗಿತ್ತು. ನಮ್ಮದೂ ತಪ್ಪಿದೆ, ಮುಚ್ಚಿಡುವುದಿಲ್ಲ: ಒಂದು ಪೆನ್‌ಡ್ರೈವಿನಲ್ಲಿ ನಕಲು ಇಟ್ಟುಕೊಳ್ಳಿ ಎಂದು ಮಿಂಟ್ ಹಾಕಿಕೊಟ್ಟ ದಿನವೇ ಹೇಳಬೇಕಿತ್ತು. ಹೇಳಲಿಲ್ಲ.

ಈಗ ಆ ಸುಳ್ಳಿನ ವಿಷಯಕ್ಕೆ ಬರೋಣ.

ಈ ಬರಹವನ್ನು ನೀವು ಓದುತ್ತಿರುವುದು ಬಹುಶಃ ಆಂಡ್ರಾಯ್ಡ್ ಫೋನಿನಲ್ಲಿ. ಅದರ ಒಳಗೆ ಇರುವುದೂ ಲಿನಕ್ಸ್ ಕರ್ನೆಲ್ಲೇ, 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ ಅದೇ ಲಿನಕ್ಸ್. ನಿಮ್ಮ ಫೋನಿಗೆ ವೈಫೈ ಬರುತ್ತದಲ್ಲ? ಲಿನಕ್ಸಿಗೆ ನೆಟ್ ಬರುವುದಿಲ್ಲ ಅನ್ನುವುದಾದರೆ ನಿಮ್ಮ ಕೈಯಲ್ಲಿ ಬರುತ್ತಿರುವುದೇನು?

ವ್ಯತ್ಯಾಸ ಇಷ್ಟೇ. ಫೋನ್ ಮಾಡುವ ಕಂಪನಿ ಯಾವ ವೈಫೈ ಚಿಪ್ ಹಾಕುತ್ತದೋ ಅದನ್ನು ನಡೆಸುವ ಡ್ರೈವರನ್ನೂ ಜೊತೆಗೇ ಹಾಕಿ ಕಳಿಸುತ್ತದೆ, ಇಲ್ಲದಿದ್ದರೆ ಫೋನ್ ಮಾರಾಟವಾಗುವುದಿಲ್ಲ. ಡೆಸ್ಕ್‌ಟಾಪಿನ ಡಾಂಗಲ್ ಮಾರುವವನಿಗೆ ಆ ಹೊರೆ ಇಲ್ಲ. ವಿಂಡೋಸಿಗೆ ಡ್ರೈವರ್ ಬರೆದರೆ ಅವನ ವ್ಯಾಪಾರ ಆಯಿತು. ಟ್ರ್ಯಾಕ್ಟರ್ ಮಾರಿ, ಗೇರ್ ಎಲ್ಲಿದೆ ಎಂದು ಒಬ್ಬ ಡ್ರೈವರನಿಗೆ ಮಾತ್ರ ಗುಟ್ಟಾಗಿ ಹೇಳಿಕೊಟ್ಟಂತೆ. ಬೇರೆಯವರು ಹತ್ತಿದಾಗ ಗಾಡಿ ಹೋಗಲಿಲ್ಲ ಎಂದರೆ ತಪ್ಪು ಹತ್ತಿದವನದೇ?

ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ಪುಗಳು ಬಹಳ ಲ್ಯಾಪ್‌ಟಾಪುಗಳಲ್ಲಿವೆ. ಅವಕ್ಕೆ ಆ ಕಂಪನಿ ಮೂಲ ಬರಹ ತೆರೆದಿಟ್ಟ ಲಿನಕ್ಸ್ ಡ್ರೈವರ್ ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ, ಅದೂ ಕೆಲವು ಚಿಪ್ಪುಗಳಿಗೆ ಮಾತ್ರ. ಅದಕ್ಕೆ ಮೊದಲು ಹೊರಗಿನವರು ಚಿಪ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ನೋಡಿ, ಊಹಿಸಿ, ಬಿ43 ಎಂಬ ಡ್ರೈವರನ್ನು ತಾವೇ ಬರೆದಿದ್ದರು. ಬಿಸಿಎಂ43142ರಂಥ ಚಿಪ್ಪಿಗೆ ಇವತ್ತಿಗೂ ಕಂಪನಿಯ ಮುಚ್ಚಿದ ಡ್ರೈವರನ್ನೇ ಬೇರೆಯಾಗಿ ಹಾಕಿಕೊಳ್ಳಬೇಕು.

ಡಾಂಗಲ್ಲಿನದು ಇನ್ನೂ ದೊಡ್ಡ ಮೋಸ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಹೆಸರುವಾಸಿ ಡಾಂಗಲ್ ಇದೆ. ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್ ಇತ್ತು, ಲಿನಕ್ಸಿನಲ್ಲಿ ಚುಚ್ಚಿದ ಕೂಡಲೇ ನಡೆಯುತ್ತಿತ್ತು. ಎರಡನೇ ಆವೃತ್ತಿಯಲ್ಲಿ ಚಿಪ್ ಬದಲಾಗಿ ರಿಯಲ್‌ಟೆಕ್‌ನದು ಬಂತು, ಅದರ ಡ್ರೈವರ್ ಬೇರೆ. ಮಾದರಿಯ ಹೆಸರು ಮಾತ್ರ ಹಳೆಯದೇ, ಬದಲಾದದ್ದು ಸಣ್ಣ ಅಕ್ಷರದ ಆವೃತ್ತಿ ಸಂಖ್ಯೆ ಒಂದೇ. ‘ಇದು ಲಿನಕ್ಸಿನಲ್ಲಿ ನಡೆಯುತ್ತದೆ’ ಎಂದು ಯಾರೋ ಹೇಳಿದ್ದನ್ನು ನಂಬಿ ತಂದವರಿಗೆ ಏನು ಗತಿ? ಬಿತ್ತನೆ ಬೀಜದ ಚೀಲದಲ್ಲಿ ತಳಿ ಬದಲಿಸಿ ಹೆಸರು ಹಾಗೇ ಬಿಟ್ಟರೆ ನಾವು ಸುಮ್ಮನಿರುತ್ತೇವೆಯೇ?

ಪೇಟೆಯ ರಿಪೇರಿ ಅಂಗಡಿಯವರನ್ನು ನಾವು ಖಳನಾಯಕರು ಎನ್ನುವುದಿಲ್ಲ. ಅವರ ಮುಂದೆ ಹತ್ತು ಕಂಪ್ಯೂಟರ್ ಸಾಲಾಗಿ ಇರುತ್ತವೆ, ಅವರಿಗೆ ಗೊತ್ತಿರುವ ಮದ್ದು ಒಂದೇ. ಜ್ವರಕ್ಕೂ ಸಲಾಯಿನ್, ಸುಸ್ತಿಗೂ ಸಲಾಯಿನ್ ಹಚ್ಚುವ ಡಾಕ್ಟರನನ್ನು ನಾವೆಲ್ಲ ನೋಡಿದ್ದೇವೆ. ಇವರದು ಫಾರ್ಮ್ಯಾಟ್. ಆದರೆ ಹಾರ್ಡ್ ಡಿಸ್ಕಿನಲ್ಲಿ ಏನಿದೆ ಎಂದು ಕೇಳದೆ ಒರೆಸುವುದು ಮಾತ್ರ ಕ್ಷಮಿಸುವಂಥದ್ದಲ್ಲ. ಅದರ ಮೇಲೆ ಹಾಕಿಕೊಡುವ ವಿಂಡೋಸ್ ಹೆಚ್ಚಿನ ಸಲ ಕದ್ದದ್ದು. ಬೀಗ ಒಡೆಯುವ ‘ಕ್ರ್ಯಾಕ್’ ಓಡಿಸಲು ಮೊದಲು ವೈರಸ್ ಕಾವಲನ್ನೇ ಬಂದ್ ಮಾಡುತ್ತಾರೆ. ಅದೇ ಕಂಪ್ಯೂಟರಿನಲ್ಲಿ ಕೂತು ನಾವು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೇವೆ.

ಹಾಗಾದರೆ ನೆಟ್ ಬರದಿದ್ದಾಗ ಏನು ಮಾಡಬೇಕು? ನಾವು ಕಲಿತಷ್ಟು ಹೇಳುತ್ತೇವೆ.

ಎಲ್ಲಕ್ಕಿಂತ ಮೊದಲು ಫೋನನ್ನು ಡೇಟಾ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ. ಫೋನಿನ ಸೆಟ್ಟಿಂಗ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗದಲ್ಲೇ ‘ಯುಎಸ್‌ಬಿ ಟೆದರಿಂಗ್’ ಎಂದು ಇರುತ್ತದೆ, ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ಲಿನಕ್ಸ್ ಅದನ್ನು ತಂತಿಯ ನೆಟ್ ಎಂದು ತಿಳಿದು ತಾನೇ ಹಿಡಿದುಕೊಳ್ಳುತ್ತದೆ. ಯಾವ ಡ್ರೈವರೂ ಬೇಡ, ಡಾಂಗಲ್ಲೂ ಬೇಡ. (ಚಾರ್ಜಿಂಗಿಗೆ ಮಾತ್ರ ಆಗುವ ಅಗ್ಗದ ಕೇಬಲ್ ಇದ್ದರೆ ನಡೆಯದು.) ಅಕ್ಕಾರಿಗೆ ಅವತ್ತು ಇದೊಂದು ಗೊತ್ತಿದ್ದರೆ ಬ್ಯಾಂಕಿನ ಪಟ್ಟಿ ಭಾನುವಾರವೇ ಹೋಗುತ್ತಿತ್ತು. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು, ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ ಅನ್ನುವಂಥ ಪೇಚು ಇದು. ಆ ಪೇಚಿನಿಂದ ಬಿಡಿಸುವುದು ಈ ಕೇಬಲ್.

ಆಮೇಲೆ ಡಾಂಗಲ್ ಕಂಪ್ಯೂಟರಿಗೆ ಕಾಣುತ್ತಿದೆಯೇ ನೋಡಬೇಕು. ಟರ್ಮಿನಲ್ ತೆರೆದು ಎಲ್, ಎಸ್, ಯು, ಎಸ್, ಬಿ ಎಂಬ ಐದು ಇಂಗ್ಲಿಷ್ ಸಣ್ಣಕ್ಷರ ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ಚುಚ್ಚಿರುವ ಯುಎಸ್‌ಬಿ ವಸ್ತುಗಳ ಪಟ್ಟಿ ಬರುತ್ತದೆ. ಡಾಂಗಲ್ ತೆಗೆದು ಒಮ್ಮೆ, ಹಾಕಿ ಒಮ್ಮೆ ನೋಡಿದರೆ ಯಾವ ಸಾಲು ನಿಮ್ಮದೆಂದು ತಿಳಿಯುತ್ತದೆ. ಸಾಲೇ ಬರದಿದ್ದರೆ ಬೇರೆ ಪೋರ್ಟಿಗೆ ಹಾಕಿ. ಆಗಲೂ ಬರದಿದ್ದರೆ ಮಾತ್ರ ಡಾಂಗಲ್ ಸತ್ತಿದೆ ಎನ್ನಬಹುದು.

ಆ ಸಾಲಿನಲ್ಲಿ ಎರಡು ತುಂಡಿನ ಒಂದು ಸಂಖ್ಯೆ ಇರುತ್ತದೆ. ಸೊನ್ನೆ-ಬಿ-ಡಿ-ಎ ಎಂದು ಶುರುವಾದರೆ ರಿಯಲ್‌ಟೆಕ್ ಚಿಪ್. ಎರಡನೇ ತುಂಡು 1-ಎ-2-ಬಿ ಎಂದಿದ್ದರೆ ಒಂದು ತಮಾಷೆ ಕಾದಿದೆ: ಡಾಂಗಲ್ ತಾನು ಸಿಡಿ ಎಂದು ನಾಟಕ ಆಡುತ್ತಿದೆ! ವಿಂಡೋಸಿನ ಡ್ರೈವರನ್ನು ಒಳಗೇ ಸಿಡಿಯ ಹಾಗೆ ತುಂಬಿರುತ್ತಾರೆ. ಫೈಲುಗಳ ಕಿಟಕಿಯಲ್ಲಿ ಆ ಸಿಡಿ ಕಂಡರೆ ಅದರ ಮೇಲೆ ಬಲಗಡೆ ಒತ್ತಿ ‘ಇಜೆಕ್ಟ್’ ಮಾಡಿ. ಅನೇಕ ಸಲ ಅಷ್ಟಕ್ಕೇ ಅದು ವೇಷ ಕಳಚಿ ವೈಫೈ ಆಗುತ್ತದೆ. ಇದನ್ನು ಕಂಡುಹಿಡಿಯಲು ನಮಗೆ ಒಂದು ರಾತ್ರಿ ಹಿಡಿದಿತ್ತು.

ಕಾಣುತ್ತಿದ್ದೂ ನಡೆಯದಿದ್ದರೆ, ಕೇಬಲ್ ನೆಟ್ ಇರುವಾಗಲೇ ಮಿಂಟಿನ ‘ಅಪ್‌ಡೇಟ್ ಮ್ಯಾನೇಜರ್’ ಓಡಿಸಿ ಕರ್ನೆಲ್ ಹೊಸದು ಮಾಡಿ, ‘ಡ್ರೈವರ್ ಮ್ಯಾನೇಜರ್’ ತೆರೆದು ನೋಡಿ. ಬ್ರಾಡ್‌ಕಾಮ್ ಚಿಪ್ಪಿನ ಲ್ಯಾಪ್‌ಟಾಪ್ ಆದರೆ ಬೇಕಾದ ಡ್ರೈವರ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಎರಡೂ ಬ್ಯಾಂಡ್ ಹಿಡಿಯುವ ರಿಯಲ್‌ಟೆಕ್ 8821ಸಿಯು ಚಿಪ್ಪಿಗೆ 6.2ನೇ ಕರ್ನೆಲ್ಲಿನಿಂದ ಡ್ರೈವರ್ ಒಳಗೇ ಬಂದಿದೆ. ಹಿಂದೆ ಅದಕ್ಕಾಗಿ ಬಡಿದಾಡಿದವರು ಈಗ ಸುಮ್ಮನೆ ಅಪ್‌ಡೇಟ್ ಮಾಡಿದರೆ ಸಾಕು. ಲ್ಯಾಪ್‌ಟಾಪಿನಲ್ಲಿ ವಿಮಾನದ ಚಿತ್ರ ಇರುವ ಕೀಲಿ ಅಥವಾ ಪಕ್ಕದ ಸಣ್ಣ ಸ್ವಿಚ್ ಕೈತಪ್ಪಿ ಒತ್ತಿಹೋಗಿದೆಯೇ ಅದನ್ನೂ ನೋಡಿಬಿಡಿ.

ಹೆಸರುಗಳು ಕಾಣುತ್ತವೆ, ಆದರೆ ಹಿಡಿದು ಬಿಟ್ಟು ಮಾಡುತ್ತದೆ ಎನ್ನುವವರು ಡಾಂಗಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಸಿಪಿಯು ಹಿಂದೆ, ಗೋಡೆಗೆ ಒತ್ತಿ, ಪಕ್ಕದಲ್ಲಿ ಕಬ್ಬಿಣದ ತಿಜೋರಿ. ಅಲೆ ಒಳಗೆ ಬರುವುದೆಲ್ಲಿಂದ? ಮುಂದಿನ ಪೋರ್ಟಿಗೆ ಹಾಕಿ, ಅಥವಾ ಒಂದು ಮೊಳದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲಿಡಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಬಿಟ್ಟು ಕಪ್ಪು ಪೋರ್ಟಿಗೆ ಹಾಕುವುದು ಒಳ್ಳೆಯದು. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ಅಲೆಗೆ ತೊಡಕು ಮಾಡುತ್ತದೆ.

ಇನ್ನೊಂದು ನಮ್ಮ ಊರುಗಳದ್ದೇ ಕಾಯಿಲೆ. ವೈಫೈ ಜೋಡಣೆ ಆಗಿದೆ ಎಂದು ತೋರಿಸುತ್ತದೆ, ಆದರೆ ಯಾವ ಪುಟ ತೆರೆದರೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮೂಲೆಯಲ್ಲಿ ತಾರೀಕು ನೋಡಿ. 2012 ಅಥವಾ 2015 ಎಂದಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸೆಲ್, ಸಿಆರ್ 2032, ಮುಗಿದಿದೆ. ಕರೆಂಟ್ ಹೋದಾಗಲೆಲ್ಲ ಹಳೇ ಕಂಪ್ಯೂಟರ್ ತಾರೀಕು ಮರೆಯುತ್ತದೆ. ತಾರೀಕು ತಪ್ಪಿದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಒಪ್ಪಿಗೆಯಾಗುವುದಿಲ್ಲ. ತಾರೀಕು ಸರಿ ಮಾಡಿ, ಆ ಸೆಲ್ ಬದಲಿಸಿ, ಮುಗಿಯಿತು. ಇದಕ್ಕೂ ಫಾರ್ಮ್ಯಾಟ್ ಮಾಡಿಸಿಕೊಂಡು ಬಂದವರನ್ನು ನಾವು ನೋಡಿದ್ದೇವೆ.

ತಾರೀಕು ಸರಿ ಇದ್ದೂ ತೆರೆಯದಿದ್ದರೆ ಟರ್ಮಿನಲ್ಲಿನಲ್ಲಿ ಪಿ, ಐ, ಎನ್, ಜಿ ಹೊಡೆದು, ಜಾಗ ಬಿಟ್ಟು 8.8.8.8 ಎಂದು ಹೊಡೆಯಿರಿ. ಸಾಲು ಸಾಲಾಗಿ ಉತ್ತರ ಬಂದರೆ ನೆಟ್ ಇದೆ, ಹೆಸರು ಹುಡುಕುವ ಡಿಎನ್‌ಎಸ್ ಕೆಟ್ಟಿದೆ ಎಂದರ್ಥ. ವೈಫೈ ಸೆಟ್ಟಿಂಗಿನ ಡಿಎನ್‌ಎಸ್ ಎಂಬಲ್ಲಿ ಅದೇ 8.8.8.8 ಬರೆದರೆ ಸರಿಹೋಗುತ್ತದೆ.

ಇಷ್ಟನ್ನೆಲ್ಲ ಒಂದು ಹಾಳೆಯ ಎರಡು ಮಗ್ಗುಲಲ್ಲಿ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ಅಂಟಿಸಬಹುದು. ಯಾರೂ ಅಂಟಿಸಿಲ್ಲ. ಲಿನಕ್ಸ್ ಬಲ್ಲ ನಮ್ಮ ಬೆಂಗಳೂರಿನ ಗೆಳೆಯರ ಮೇಲೂ ನಮಗೆ ಸಿಟ್ಟಿದೆ. ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಪ್ರಶ್ನೆ ಕೇಳಿದರೆ ಇಂಗ್ಲಿಷಿನ ನಲವತ್ತು ಪುಟ ಓದಿ ಎನ್ನುತ್ತಾರೆ. ಕಾಸರಗೋಡಿನ ಸರಕಾರಿ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲೇ ಮಕ್ಕಳು ಕಂಪ್ಯೂಟರ್ ಕಲಿಯುತ್ತಾರೆ, ಪಠ್ಯಪುಸ್ತಕ ಕನ್ನಡದಲ್ಲಿದೆ. ಅಲ್ಲಿನ ಎಂಟನೇ ಇಯತ್ತೆಯ ಹುಡುಗಿಗೆ ಆಗುವುದು ಇಲ್ಲಿ ಡಿಗ್ರಿ ಆದವರಿಗೆ ಆಗುವುದಿಲ್ಲವೇ?

ಲಿನಕ್ಸ್ ಎಲ್ಲರಿಗೂ ಎಂದು ನಾವು ಹಟ ಹಿಡಿದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್ ಇಟ್ಟುಕೊಳ್ಳಲಿ, ಟ್ಯಾಲಿ ಅದಕ್ಕೇ ಮಾಡಿದ್ದು. ಕೆಲವು ಡಾಂಗಲ್‌ಗಳು ಏನು ಮಾಡಿದರೂ ಲಿನಕ್ಸಿನಲ್ಲಿ ನಡೆಯುವುದಿಲ್ಲ, ಅದೂ ನಿಜ. ಅದಕ್ಕೇ ಕೊಳ್ಳುವ ಮೊದಲು ಅಂಗಡಿಯಲ್ಲಿ ಕೇಳಿ: ಒಳಗೆ ಯಾವ ಚಿಪ್ ಅದ? ಲಿನಕ್ಸಿನ್ಯಾಗ ಬರಲಿಲ್ಲಂದ್ರ ವಾಪಸ್ ತಗೋತೀರಿ? ಉತ್ತರ ಇಲ್ಲದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ. ರಿಪೇರಿಗೆ ಕೊಡುವಾಗ ಚೀಟಿಯ ಮೇಲೆ ‘ಫಾರ್ಮ್ಯಾಟ್ ಮಾಡಬಾರದು’ ಎಂದು ಬರೆಸಿ. ಸರಕಾರ ಶಾಲೆಗೆ, ಗ್ರಂಥಾಲಯಕ್ಕೆ ಕಂಪ್ಯೂಟರ್ ಕೊಳ್ಳುವ ಟೆಂಡರಿನಲ್ಲಿ ಲಿನಕ್ಸ್ ಡ್ರೈವರ್ ಇರುವ ವೈಫೈ ಚಿಪ್ಪೇ ಬೇಕು ಎಂಬ ಒಂದು ಸಾಲು ಸೇರಿಸಲಿ. ಸಾವಿರಗಟ್ಟಲೆ ಕೊಳ್ಳುವವನು ಕೇಳಿದರೆ ಕಂಪನಿ ಕೊಡುತ್ತದೆ, ಫೋನಿನವರಿಗೆ ಕೊಡಲಿಲ್ಲವೇ?

ಅಕ್ಕಾರು ಈಗ ಸದಸ್ಯರ ಪಾಸ್‌ಬುಕ್ಕುಗಳನ್ನೆಲ್ಲ ಮನೆಗೆ ತರಿಸಿಕೊಂಡು ಲೆಕ್ಕವನ್ನು ಮೊದಲಿನಿಂದ ಹೊಡೆಯುತ್ತಿದ್ದಾರೆ. ಕಂಪ್ಯೂಟರಿಗೆ ಮತ್ತೆ ಮಿಂಟ್ ಹಾಕಿದ್ದೇವೆ, ಹಳೇ ಡಾಂಗಲ್ಲೇ ನಡೆಯುತ್ತಿದೆ. ಮೊದಲ ವರ್ಷದ ಲೆಕ್ಕ ಮುಗಿದಿದೆ. ಇಬ್ಬರು ಸದಸ್ಯರ ಪಾಸ್‌ಬುಕ್ಕಿನಲ್ಲಿ ನಾಲ್ಕು ಕಂತು ತಾಳೆಯಾಗುತ್ತಿಲ್ಲ, ಅದರ ಮೇಲೆ ಸಂಘದ ಎರಡು ಸಭೆಯಲ್ಲಿ ಜಗಳ ಆಗಿದೆ.